ಸಣ್ಣದನ್ನು ತಡೆದು ದೊಡ್ಡದನ್ನು ಬಿಡುವ ಜರಡಿ

ನಮ್ಮ ಮನೆಯವರ ವಾಟ್ಸಾಪ್ ಗುಂಪಿಗೆ ಒಂದು ಮೆಸೇಜ್ ವರ್ಷಕ್ಕೊಮ್ಮೆಯಾದರೂ ಬಂದೇ ಬರುತ್ತದೆ. ಇವತ್ತು ರಾತ್ರಿ 12.30ರಿಂದ 3.30ರವರೆಗೆ ಮೊಬೈಲ್ ಆಫ್ ಮಾಡಿ, ಮಂಗಳ ಗ್ರಹದ ಕಡೆಯಿಂದ ಕಾಸ್ಮಿಕ್ ಕಿರಣಗಳು ಭೂಮಿಗೆ ಬರುತ್ತಿವೆ, ಫೋನನ್ನು ದಿಂಬಿನ ಹತ್ತಿರ ಇಟ್ಟುಕೊಳ್ಳಬೇಡಿ, ನಾಸಾದವರೇ ಹೇಳಿದ್ದಾರೆ, ಎಲ್ಲರಿಗೂ ಕಳಿಸಿ. ಕಳಿಸುವವರು ನಮ್ಮ ಚಿಕ್ಕಮ್ಮ. ಎಸ್ಸೆಮ್ಮೆಸ್ ಕಾಲದಿಂದ ಸುತ್ತುತ್ತಿರುವ ಸುಳ್ಳು ಇದು. ಹಾಗಂತ ಹೇಳಿದರೆ, "ಇರಲಿ ಬಿಡೋ, ಮೂರು ಗಂಟೆ ಆಫ್ ಮಾಡಿದ್ರೆ ನಿನ್ನ ಗಂಟೇನು ಹೋಗುತ್ತೆ" ಅನ್ನುತ್ತಾರೆ. ಅದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ.

ಆದರೆ 2025ರ ನವೆಂಬರ್ ಕೊನೆಗೆ ಚಿಕ್ಕಮ್ಮ ಮೆಸೇಜ್ ಬಿಟ್ಟು ಸೀದಾ ಫೋನನ್ನೇ ಮಾಡಿದರು. "ನೋಡಿದ್ಯಾ, ಆಕಾಶದ ಕಿರಣ ಬಡಿದು ವಿಮಾನದ ಕಂಪ್ಯೂಟರೇ ಕೆಟ್ಟಿತಂತೆ. ಭೂಮಿಗೆ ಅದೇನೋ ಅಯಸ್ಕಾಂತದ ಕೊಡೆ ಇದೆ ಅಂತಿದ್ದೆ, ಅದೆಲ್ಲಿ ಹೋಯ್ತು?"

ಪ್ರಶ್ನೆ ಸರಿಯಾಗೇ ಇತ್ತು. ಆ ಸುದ್ದಿಯೂ ಸುಳ್ಳಲ್ಲ. ಅಕ್ಟೋಬರ್ 30ರಂದು ಮೆಕ್ಸಿಕೊದ ಕ್ಯಾನ್‌ಕೂನ್‌ನಿಂದ ಅಮೆರಿಕದ ನ್ಯೂವಾರ್ಕ್‌ಗೆ ಹೊರಟಿದ್ದ ಏರ್‌ಬಸ್ ಎ320 ವಿಮಾನವೊಂದು, ಪೈಲಟ್ ಏನೂ ಮಾಡದಿದ್ದರೂ, ಇದ್ದಕ್ಕಿದ್ದಂತೆ ಮೂಗು ಕೆಳಗೆ ಮಾಡಿ ಇಳಿಯಿತು. ಕೆಲವು ಪ್ರಯಾಣಿಕರಿಗೆ ಪೆಟ್ಟಾಯಿತು, ವಿಮಾನವನ್ನು ಟ್ಯಾಂಪಾದಲ್ಲಿ ಇಳಿಸಿದರು. ನವೆಂಬರ್ 28ಕ್ಕೆ ಏರ್‌ಬಸ್ ಕಂಪನಿ, ಸೂರ್ಯನ ಜೋರು ವಿಕಿರಣದಿಂದ ವಿಮಾನ ನಿಯಂತ್ರಿಸುವ ಕಂಪ್ಯೂಟರಿನ ಡೇಟಾ ಕೆಡಬಹುದು ಎಂದು ಹೇಳಿ ಸುಮಾರು 6,000 ವಿಮಾನಗಳಲ್ಲಿ ಬದಲಾವಣೆ ಮಾಡಿಸಿತು. ಭಾರತದಲ್ಲೇ ಮುನ್ನೂರಕ್ಕೂ ಹೆಚ್ಚು ವಿಮಾನಗಳು ಆ ಪಟ್ಟಿಯಲ್ಲಿದ್ದವು. ಬಹುಪಾಲು ವಿಮಾನಗಳಿಗೆ ಹಳೆಯ ಸಾಫ್ಟ್‌ವೇರನ್ನೇ ವಾಪಸ್ ಹಾಕಿದರು, ಅಷ್ಟೇ. ವಿಮಾನ ಕೆಳಗಿಳಿದ ದಿನ ಸೂರ್ಯ ಅಂಥ ದೊಡ್ಡ ಗಲಾಟೆಯನ್ನೇನೂ ಮಾಡಿರಲಿಲ್ಲ, ಇದು ಬೇರೆ ಎಲ್ಲಿಂದಲೋ ಬಂದ ಕಣ ಇರಬೇಕು ಎಂದು ಕೆಲವು ತಜ್ಞರು ಆಗಲೇ ಅನುಮಾನ ಎತ್ತಿದ್ದರು.

ಚಿಕ್ಕಮ್ಮನ ಪ್ರಶ್ನೆಗೆ ನಾನು ಅವತ್ತು ಕೊಟ್ಟ ಉತ್ತರ ಸರಿಯಿರಲಿಲ್ಲ. ಕೊಡೆ ಅನ್ನುವ ಮಾತೇ ತಪ್ಪು ದಾರಿಗೆ ಎಳೆಯುತ್ತದೆ. ಕೊಡೆ ಎಲ್ಲಾ ಹನಿಯನ್ನೂ ಒಂದೇ ಥರ ತಡೆಯುತ್ತದೆ. ಭೂಮಿಯ ಕಾಂತಕ್ಷೇತ್ರ ಹಾಗೆ ಮಾಡುವುದಿಲ್ಲ. ಅದೊಂದು ಜರಡಿ, ಅದೂ ಉಲ್ಟಾ ಜರಡಿ. ನಮ್ಮ ಅಡುಗೆಮನೆಯ ಜರಡಿ ಸಣ್ಣ ಹಿಟ್ಟನ್ನು ಕೆಳಗೆ ಬಿಟ್ಟು ದಪ್ಪ ನುಚ್ಚನ್ನು ಮೇಲೆ ಉಳಿಸಿಕೊಳ್ಳುತ್ತದಲ್ಲ, ಇದು ಕಡಿಮೆ ಶಕ್ತಿಯ ಕಣಗಳನ್ನು ತಡೆದು ಹೆಚ್ಚು ಶಕ್ತಿಯವನ್ನು ಒಳಗೆ ಬಿಟ್ಟುಬಿಡುತ್ತದೆ. ಸಾಲದ್ದಕ್ಕೆ ಇದರ ತೂತುಗಳು ಎಲ್ಲಾ ಕಡೆ ಒಂದೇ ಅಳತೆಯವೂ ಅಲ್ಲ.

ಇದು ಹೇಗೆ ಅನ್ನುವುದಕ್ಕೆ ಹಳೆಯ ಡಬ್ಬಾ ಟಿ.ವಿ.ಯ ನೆನಪು ಸಾಕು. ನಮ್ಮ ಮನೆಯಲ್ಲಿ ಕಪ್ಪು-ಬಿಳುಪು ಟಿ.ವಿ. ಇದ್ದಾಗ, ಕೆಟ್ಟ ರೇಡಿಯೊದ ಸ್ಪೀಕರಿನಿಂದ ಕಿತ್ತ ಅಯಸ್ಕಾಂತವನ್ನು ಪರದೆಯ ಹತ್ತಿರ ಹಿಡಿದರೆ ವಾರ್ತೆ ಓದುವವರ ಮುಖ ಒಂದು ಕಡೆಗೆ ಎಳೆದುಕೊಂಡು ಸೊಟ್ಟಗಾಗುತ್ತಿತ್ತು. ತೆಗೆದರೆ ಮತ್ತೆ ನೆಟ್ಟಗೆ. ಅದೇ ಆಟವನ್ನು ಪಕ್ಕದ ಮನೆಯ ಹೊಸ ಕಲರ್ ಟಿ.ವಿ. ಮೇಲೆ ಆಡಿದಾಗ ಮೂಲೆಯಲ್ಲಿ ಹಸಿರು-ನೇರಳೆ ಕಲೆ ಬಿದ್ದು ಅಲ್ಲೇ ಉಳಿಯಿತು, ಬೆನ್ನ ಮೇಲೆ ಅಪ್ಪನ ಕೈಯೂ ಬಿತ್ತು. ಆ ಟಿ.ವಿ. ಒಳಗೆ ಹಿಂದಿನಿಂದ ಪರದೆಗೆ ಎಲೆಕ್ಟ್ರಾನ್‌ಗಳ ಧಾರೆ ಹಾರಿ ಬರುತ್ತಿರುತ್ತದೆ. ಅಯಸ್ಕಾಂತ ಆ ಎಲೆಕ್ಟ್ರಾನ್‌ಗಳನ್ನು ನಿಲ್ಲಿಸಲೂ ಇಲ್ಲ, ನಿಧಾನ ಮಾಡಲೂ ಇಲ್ಲ. ಪಕ್ಕಕ್ಕೆ ತಳ್ಳಿತು, ದಾರಿ ಬಾಗಿತು.

ಕಾಂತಕ್ಷೇತ್ರಕ್ಕೆ ಗೊತ್ತಿರುವುದು ಇದೊಂದೇ ಕೆಲಸ. ಚಾರ್ಜ್ ಇರುವ ಕಣ ಓಡುತ್ತಿದ್ದರೆ ಅದನ್ನು ಪಕ್ಕಕ್ಕೆ ತಳ್ಳುವುದು. ಕಣದ ವೇಗಕ್ಕೆ ಅಡ್ಡಲಾಗಿಯೇ ತಳ್ಳುವುದರಿಂದ ಅದರ ಶಕ್ತಿ ಒಂದಿಷ್ಟೂ ಇಳಿಯುವುದಿಲ್ಲ, ಅದು ಸುಮ್ನೆ ಸುತ್ತು ಹಾಕತೊಡಗುತ್ತದೆ. ಇದರಲ್ಲೇ ಎರಡು ವಿನಾಯಿತಿಗಳೂ ಅಡಗಿವೆ, ಅವನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತವೆ. ಚಾರ್ಜೇ ಇಲ್ಲದ ಕಣಕ್ಕೆ ಅಯಸ್ಕಾಂತ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಇನ್ನು, ಕಾಂತರೇಖೆಯ ಗುಂಟ ನೆಟ್ಟಗೆ ಬರುವ ಕಣಕ್ಕೆ ತಳ್ಳುವಿಕೆಯೇ ಇರುವುದಿಲ್ಲ.

ಭೂಮಿಯ ಕಾಂತಕ್ಷೇತ್ರ ಭಾರಿ ಜೋರಾಗಿದೆ ಅಂದುಕೊಂಡಿದ್ದರೆ, ಫ್ರಿಜ್ಜಿನ ಬಾಗಿಲಿಗೆ ಅಂಟಿಸುವ ತಿರುಪತಿ ತಿಮ್ಮಪ್ಪನ ಅಯಸ್ಕಾಂತ ಅದಕ್ಕಿಂತ ಸುಮಾರು ನೂರು ಪಟ್ಟು ಜೋರು. ಭೂಮಿಯದರ ತಾಕತ್ತು ಇರುವುದು ಅದರ ಹರವಿನಲ್ಲಿ. ನೆಲದಿಂದ 2,900 ಕಿ.ಮೀ. ಆಳದಲ್ಲಿ ಶುರುವಾಗುವ ಕರಗಿದ ಕಬ್ಬಿಣದ ಕಡಲು ಕುದಿಯುವ ಸಾರಿನ ಹಾಗೆ ಮೇಲೆ ಕೆಳಗೆ ಹೊರಳುತ್ತಾ ಈ ಕ್ಷೇತ್ರವನ್ನು ಹುಟ್ಟಿಸುತ್ತದೆ. ಅದು ಸೂರ್ಯನ ಕಡೆಗೆ ಸುಮಾರು 60,000 ಕಿ.ಮೀ. ದೂರದವರೆಗೆ ಚಾಚಿದೆ, ಹಿಂದುಗಡೆ ಬಾಲದ ಹಾಗೆ ಚಂದ್ರನನ್ನೂ ದಾಟಿ ಹೋಗುತ್ತದೆ. ಬಾಗಿಸಲು ಅಷ್ಟು ಜಾಗ ಇದ್ದ ಮೇಲೆ ಮೆಲ್ಲಗೆ ತಳ್ಳಿದರೂ ಸಾಕು, ಅಲ್ವಾ?

ಹೊರಗಿನಿಂದ ಬರುವವರು ಮುಖ್ಯವಾಗಿ ಎರಡು ಥರದವರು. ಮೊದಲನೆಯದು ಸೂರ್ಯನಿಂದ ಯಾವಾಗಲೂ ಬೀಸುತ್ತಿರುವ ಸೌರಮಾರುತ, ಸೆಕೆಂಡಿಗೆ ಸುಮಾರು 400 ಕಿ.ಮೀ. ವೇಗದಲ್ಲಿ ಓಡುವ ಪ್ರೋಟಾನ್ ಮತ್ತು ಎಲೆಕ್ಟ್ರಾನ್‌ಗಳು. ವೇಗ ಕೇಳಿದರೆ ತಲೆ ತಿರುಗುತ್ತದೆ, ಆದರೆ ಕಣಗಳ ಲೋಕದಲ್ಲಿ ಇವು ಬಡಪಾಯಿಗಳು. ನಮ್ಮ ಕ್ಷೇತ್ರದ ಹೊರ ಅಂಚನ್ನು ಮುಟ್ಟಿದ ಕೂಡಲೇ ಇಂಥ ಪ್ರೋಟಾನ್ ನೂರು ಕಿ.ಮೀ.ಗಿಂತ ಸಣ್ಣ ಸುತ್ತಿನಲ್ಲಿ ತಿರುಗಿಬಿಡುತ್ತದೆ. ದಾಟಬೇಕಾದ ದಾರಿ 60,000 ಕಿ.ಮೀ. ಇರುವಾಗ ನೂರು ಕಿ.ಮೀ.ಗೇ ತಿರುಗಿ ಹೋಗುವವನು ಒಳಗೆ ಬರುವುದು ಹೇಗೆ? ತುಂಗಭದ್ರೆಯ ನೀರು ಹಂಪಿಯ ಬಂಡೆಗಳನ್ನು ಬಳಸಿಕೊಂಡು ಹೋಗುವ ಹಾಗೆ ಸೌರಮಾರುತ ಭೂಮಿಯನ್ನು ಬಳಸಿಕೊಂಡು ಹೋಗುತ್ತದೆ.

ಎರಡನೆಯದು ಕಾಸ್ಮಿಕ್ ಕಿರಣ, ಅಂದರೆ ಬಹುಪಾಲು ನಮ್ಮ ಸೌರವ್ಯೂಹದ ಆಚೆಯಿಂದ, ಬೆಳಕಿನ ವೇಗಕ್ಕೆ ಹತ್ತಿರದ ವೇಗದಲ್ಲಿ ಬರುವ ಪ್ರೋಟಾನ್‌ಗಳು. ಕಿರಣ ಅನ್ನುವುದು ಹೆಸರಿಗೆ ಮಾತ್ರ, ಇವೂ ಕಣಗಳೇ. ಇವುಗಳಲ್ಲಿ ಸ್ವಲ್ಪ ಗಟ್ಟಿಯಾದ ಒಂದಕ್ಕೆ ಸೌರಮಾರುತದ ಪ್ರೋಟಾನಿಗಿಂತ ಎರಡು ಕೋಟಿ ಪಟ್ಟಿಗೂ ಜಾಸ್ತಿ ಶಕ್ತಿ ಇರುತ್ತದೆ. ಅದು ನೆಲದ ಹತ್ತಿರದ ಕಾಂತಕ್ಷೇತ್ರದಲ್ಲೂ ಸಾವಿರಾರು ಕಿ.ಮೀ. ಅಗಲದ ಸುತ್ತು ಹಾಕಬೇಕು. ಅಷ್ಟು ದೊಡ್ಡ ಸುತ್ತು ತಿರುಗುವುದರೊಳಗೆ ಭೂಮಿಯೇ ಅಡ್ಡ ಸಿಕ್ಕಿಬಿಡುತ್ತದೆ.

ಈ ಕಾಸ್ಮಿಕ್ ಕಿರಣಗಳು ಕಣಗಳೇ ಹೌದು ಎಂದು ತಿಳಿದದ್ದೂ ಈ ಜರಡಿಯಿಂದಲೇ. 1912ರಲ್ಲಿ ವಿಕ್ಟರ್ ಹೆಸ್ ಬಲೂನಿನಲ್ಲಿ ಐದು ಕಿ.ಮೀ.ಗಿಂತ ಮೇಲೆ ಹೋಗಿ, ಮೇಲಕ್ಕೆ ಹೋದಷ್ಟೂ ವಿಕಿರಣ ಹೆಚ್ಚುತ್ತದೆ ಎಂದು ಕಂಡುಕೊಂಡಿದ್ದರು. ಅದು ಬೆಳಕಿನಂಥದ್ದೇ ಒಂದು ಕಿರಣ ಎಂದು ಎಷ್ಟೋ ವಿಜ್ಞಾನಿಗಳು ನಂಬಿದ್ದರು. ಕಾಸ್ಮಿಕ್ ಕಿರಣ ಎಂದು ಹೆಸರಿಟ್ಟ ರಾಬರ್ಟ್ ಮಿಲಿಕನ್ ಅಂತೂ ಅದಕ್ಕಾಗಿ ಜಗಳಕ್ಕೇ ನಿಂತಿದ್ದರು. 1927ರಲ್ಲಿ ಯಾಕೊಬ್ ಕ್ಲೇ ಎಂಬ ಡಚ್ ವಿಜ್ಞಾನಿ ಜಾವಾದಿಂದ ಯುರೋಪಿಗೆ ಹಡಗಿನಲ್ಲಿ ಹೊರಟವರು ದಾರಿಯುದ್ದಕ್ಕೂ ಅಳತೆ ಮಾಡಿದರು. ಭೂಮಧ್ಯರೇಖೆಯ ಹತ್ತಿರ ಕಿರಣ ಕಡಿಮೆ, ಉತ್ತರಕ್ಕೆ ಹೋದಂತೆ ಜಾಸ್ತಿ. ಬೆಳಕಿಗೆ ಚಾರ್ಜ್ ಇಲ್ಲ, ಅದನ್ನು ಕಾಂತಕ್ಷೇತ್ರ ತಳ್ಳಲಾರದು. ಹಾಗಾದರೆ ಬರುತ್ತಿರುವವು ಚಾರ್ಜ್ ಇರುವ ಕಣಗಳೇ.

ಭೂಮಧ್ಯರೇಖೆಯ ಹತ್ತಿರ ಯಾಕೆ ಕಡಿಮೆ? ಅಲ್ಲಿ ಕಾಂತರೇಖೆಗಳು ನೆಲಕ್ಕೆ ಸಮವಾಗಿ ಮಲಗಿರುತ್ತವೆ. ಮೇಲಿನಿಂದ ಬರುವ ಕಣ ಅವನ್ನು ಅಡ್ಡಡ್ಡ ದಾಟಬೇಕು, ಪೂರ್ತಿ ತಳ್ಳುವಿಕೆ ತಿನ್ನಬೇಕು. ಧ್ರುವಗಳ ಹತ್ತಿರ ರೇಖೆಗಳು ಬಾವಿಯ ಹಗ್ಗದ ಹಾಗೆ ನೆಟ್ಟಗೆ ನೆಲಕ್ಕಿಳಿಯುತ್ತವೆ, ಕಣ ಅದರ ಗುಂಟ ಜಾರಿ ಬಂದರಾಯಿತು. ಮೊದಲು ಹೇಳಿದ ವಿನಾಯಿತಿ ಇದೇ. ದಕ್ಷಿಣ ಭಾರತದಲ್ಲಿ ಕಾಂತರೇಖೆಗಳು ಹೆಚ್ಚುಕಮ್ಮಿ ಮಲಗಿಯೇ ಇವೆ. ಕಾಂತೀಯ ಭೂಮಧ್ಯರೇಖೆ ಹಾದುಹೋಗುವುದು ನಮ್ಮ ಪರ್ಯಾಯದ್ವೀಪದ ತುದಿಯಲ್ಲೇ, 1963ರಲ್ಲಿ ಮೊದಲ ರಾಕೆಟ್ ಹಾರಿಸಲು ತಿರುವನಂತಪುರದ ಪಕ್ಕದ ತುಂಬಾವನ್ನು ಆರಿಸಿದ್ದೂ ಅದಕ್ಕೇ. ಇನ್ನೊಂದು ಅದೃಷ್ಟವೂ ನಮಗಿದೆ. ಭೂಮಿಯ ಕಾಂತದ ನಡುಮಧ್ಯ ಭೂಮಿಯ ನಡುಮಧ್ಯದಲ್ಲಿ ಇಲ್ಲ, ಐನೂರು ಕಿ.ಮೀ.ಗೂ ಹೆಚ್ಚು ಪೆಸಿಫಿಕ್ ಸಾಗರದ ಪಶ್ಚಿಮದ ಕಡೆಗೆ ಸರಿದಿದೆ. ಅಂದರೆ ಏಷ್ಯಾದ ಕಡೆಗೆ ಜರಡಿ ಗಟ್ಟಿ, ಎದುರು ಬದಿಯಲ್ಲಿ ತೆಳು. ದಕ್ಷಿಣ ಭಾರತದಲ್ಲಿ ನೆತ್ತಿಯ ಮೇಲಿನಿಂದ ನೆಟ್ಟಗೆ ಇಳಿಯಬೇಕಾದ ಪ್ರೋಟಾನಿಗೆ ಸುಮಾರು 17 ಬಿಲಿಯನ್ ಎಲೆಕ್ಟ್ರಾನ್ ವೋಲ್ಟ್ (ಕಣಗಳ ಶಕ್ತಿ ಅಳೆಯುವ ಮಾನ) ಶಕ್ತಿ ಬೇಕು. ಜಗತ್ತಿನಲ್ಲೇ ಅತಿ ಎತ್ತರದ ಹೊಸ್ತಿಲು ಇದು. ಧ್ರುವದಲ್ಲಿ ಈ ಹೊಸ್ತಿಲು ಹೆಚ್ಚುಕಮ್ಮಿ ಸೊನ್ನೆ.

ಈ ಹೊಸ್ತಿಲನ್ನು ಅಳೆಯಲು ಅದೇ ಮಿಲಿಕನ್ 1939-40ರ ಚಳಿಗಾಲದಲ್ಲಿ ಭಾರತಕ್ಕೆ ಬಂದರು. ಆಗ್ರಾ, ಪೇಶಾವರ, ಬೆಂಗಳೂರು, ಮೂರು ಕಡೆಯಿಂದ ಉಪಕರಣ ಕಟ್ಟಿದ ಬಲೂನ್‌ಗಳನ್ನು ಹಾರಿಸಿದರು. ಕಾಂತೀಯ ಭೂಮಧ್ಯರೇಖೆಗೆ ಹತ್ತಿರದ ಜಾಗ ಅಂತ ಬೆಂಗಳೂರು. ಯುದ್ಧ ಶುರುವಾಗಿ ಕೇಂಬ್ರಿಜ್‌ಗೆ ವಾಪಸಾಗಲಾರದೆ ಭಾರತದಲ್ಲೇ ಉಳಿದ ಹೋಮಿ ಭಾಭಾ ಅದೇ ಹೊತ್ತಿಗೆ ಬೆಂಗಳೂರಿನ ವಿಜ್ಞಾನ ಸಂಸ್ಥೆ ಸೇರಿ ಕಾಸ್ಮಿಕ್ ಕಿರಣಗಳ ಕೆಲಸ ಹಿಡಿದರು. ಮಿಲಿಕನ್ ಜೊತೆ ಬಂದವರಲ್ಲಿ ವಿಲಿಯಂ ಪಿಕರಿಂಗ್ ಎಂಬ ಯುವಕರೂ ಇದ್ದರು. ಆ ಹೆಸರು ಮತ್ತೆ ಬರುತ್ತದೆ.

ಈಗ ನನಗೆ ಮುಖ್ಯ ಅನ್ನಿಸುವ ವಿಷಯ. ಕ್ಲೇ ಮತ್ತು ಅವರ ನಂತರದವರ ಅಳತೆಯಲ್ಲಿ, ಸಮುದ್ರಮಟ್ಟದಲ್ಲಿ ಭೂಮಧ್ಯರೇಖೆಗೂ ಎತ್ತರದ ಅಕ್ಷಾಂಶಗಳಿಗೂ ಇದ್ದ ವ್ಯತ್ಯಾಸ ಎಷ್ಟು ಗೊತ್ತಾ? ನೂರಕ್ಕೆ ಹತ್ತು-ಹದಿನೈದು, ಅಷ್ಟೇ. ಜರಡಿ ಪೂರ್ತಿ ಗಟ್ಟಿ ಇರುವ ಕಡೆಗೂ ಜರಡಿಯೇ ಇಲ್ಲದ ಕಡೆಗೂ ನೆಲದ ಮೇಲೆ ಇಷ್ಟೇ ಫರಕು. ಕಾಂತಕ್ಷೇತ್ರ ಇಲ್ಲದಿದ್ದರೆ ನಾವೆಲ್ಲ ಸುಟ್ಟುಹೋಗುತ್ತಿದ್ದೆವು ಅನ್ನುವ ಮಾತನ್ನು ಶಾಲೆಯ ಪುಸ್ತಕದಿಂದ ಟಿ.ವಿ. ಚರ್ಚೆಯವರೆಗೆ ಎಲ್ಲರೂ ಹೇಳುತ್ತಾರೆ. ನಾರ್ವೆಯ ಉತ್ತರ ತುದಿಯಲ್ಲಿ, ಗ್ರೀನ್‌ಲ್ಯಾಂಡಿನಲ್ಲಿ ಜನ ಸಂಸಾರ ಮಾಡಿಕೊಂಡೇ ಇದ್ದಾರಲ್ಲ! ಅವರ ತಲೆಯ ಮೇಲೆ ಈ ರಕ್ಷಣೆ ಇಲ್ಲವೇ ಇಲ್ಲ ಅನ್ನಬೇಕು.

ನೆಲದ ಮೇಲಿರುವ ನಮ್ಮನ್ನು ನಿಜವಾಗಿ ಕಾಯುತ್ತಿರುವುದು ಗಾಳಿ. ಒಂದು ಚದರ ಮೀಟರ್ ನೆಲದ ಮೇಲೆ ನಿಂತಿರುವ ಗಾಳಿಯ ತೂಕ 10 ಟನ್. ಹತ್ತು ಮೀಟರ್ ಆಳದ ಬಾವಿಯ ತಳದಲ್ಲಿ ನಾವೆಲ್ಲ ಬದುಕಿದ್ದೇವೆ ಅಂದುಕೊಳ್ಳಿ, ಲೆಕ್ಕ ಸರಿಹೋಗುತ್ತದೆ. ಜರಡಿ ದಾಟಿ ಬಂದ ಪ್ರೋಟಾನ್ ಗಾಳಿಯ ಪರಮಾಣುವಿಗೆ ಗುದ್ದಿ ಪುಡಿಯಾಗುತ್ತದೆ, ಆ ಪುಡಿಗಳು ಇನ್ನಷ್ಟು ಪರಮಾಣುಗಳಿಗೆ ಗುದ್ದುತ್ತವೆ, ಹೀಗೆ ಕೆಳಗಿಳಿಯುತ್ತಾ ಒಂದು ಕಣ ದೊಡ್ಡ ತುಂತುರಾಗಿ, ಕೊನೆಗೆ ಬಹುಪಾಲು ಗಾಳಿಯಲ್ಲೇ ಇಂಗಿಹೋಗುತ್ತದೆ. ಉಳಿದು ನೆಲಕ್ಕೆ ಬರುವವುಗಳಲ್ಲಿ ಹೆಚ್ಚಿನವು ಮ್ಯೂಆನ್ ಎಂಬ ಕಣಗಳು. ಅಂಗೈಯನ್ನು ಮೇಲೆ ಮಾಡಿ ಒಂದು ಸಲ ಚಾಚಿ. ಒಂದು, ಎರಡು, ಮೂರು ಎಂದು ಎಣಿಸಿ. ಸುಮಾರು ಸೆಕೆಂಡಿಗೊಂದರಂತೆ ಮ್ಯೂಆನ್‌ಗಳು ಆ ಅಂಗೈಯನ್ನು ತೂರಿ ಹೋಗುತ್ತಿವೆ. ರಾತ್ರಿ 12.30ಕ್ಕೆ ಮಾತ್ರ ಅಲ್ಲ, ಈಗಲೂ, ನೀವು ಮಾಳಿಗೆಯ ಕೆಳಗೆ ಕೂತಿದ್ದರೂ.

ಇವುಗಳಿಂದ ತಪ್ಪಿಸಿಕೊಳ್ಳಬೇಕೆಂದರೆ ಎಷ್ಟು ಆಳಕ್ಕೆ ಹೋಗಬೇಕು ಎಂದು ಹುಡುಕಿದ ಜಾಗ ನಮ್ಮ ಕೋಲಾರದ ಚಿನ್ನದ ಗಣಿ. ಭಾಭಾ ಅವರ ಸೂಚನೆಯಂತೆ, ನಂಜನಗೂಡಿನ ಬಿ. ವಿ. ಶ್ರೀಕಂಠನ್ 1950ರ ದಶಕದ ಆರಂಭದಲ್ಲಿ ಅಲ್ಲಿಗೆ ಉಪಕರಣ ಇಳಿಸಿ ಬೇರೆ ಬೇರೆ ಆಳದಲ್ಲಿ ಮ್ಯೂಆನ್ ಎಣಿಸಿದರು. ನೆಲದೊಳಗೆ 2 ಕಿ.ಮೀ.ಗೂ ಹೆಚ್ಚು ಇಳಿದ ಮೇಲೆ ಅವುಗಳ ಕಾಟ ಎಷ್ಟು ಕಡಿಮೆಯಾಯಿತೆಂದರೆ, 1965ರಲ್ಲಿ ಅಲ್ಲೇ ಕೂತು, ಕಾಸ್ಮಿಕ್ ಕಿರಣಗಳು ಗಾಳಿಗೆ ಗುದ್ದಿದಾಗ ಹುಟ್ಟುವ ನ್ಯೂಟ್ರಿನೊ ಎಂಬ ಕಣಗಳ ಸುಳಿವನ್ನು ಹಿಡಿದರು. ಈ ಕಥೆಯನ್ನೇ ಬೇರೆ ಬರೆಯಬೇಕು, ಇಲ್ಲಿ ಬೇಡ.

ಈಗ ವಿಮಾನಕ್ಕೆ ಬನ್ನಿ. ವಿಮಾನ ಹಾರುವುದು 10-12 ಕಿ.ಮೀ. ಎತ್ತರದಲ್ಲಿ. ಗಾಳಿಯ ಮುಕ್ಕಾಲು ಪಾಲು ಆಗಲೇ ಕೆಳಗೆ ಉಳಿದಿರುತ್ತದೆ. ಮೇಲೆ ಹೇಳಿದ ತುಂತುರು ಅಲ್ಲಿ ಭರ್ಜರಿಯಾಗಿರುತ್ತದೆ. ಆ ತುಂತುರಿನಲ್ಲಿ ಚಿಪ್‌ಗಳಿಗೆ ಮುಖ್ಯ ಶತ್ರು ನ್ಯೂಟ್ರಾನ್. ಅದಕ್ಕೆ ಚಾರ್ಜ್ ಇಲ್ಲ. ಕಾಂತಕ್ಷೇತ್ರದ ಇನ್ನೊಂದು ವಿನಾಯಿತಿ ನೆನಪಿದೆಯಲ್ಲ? ವಿಮಾನದ ಕಂಪ್ಯೂಟರಿಗೆ ಬಡಿಯುವ ನ್ಯೂಟ್ರಾನ್ ಹುಟ್ಟುವುದೇ ಜರಡಿಯ ಕೆಳಗೆ, ಗಾಳಿಯೊಳಗೆ. ಅದು ಚಿಪ್ಪಿನ ಸಿಲಿಕಾನ್ ಪರಮಾಣುವಿಗೆ ಗುದ್ದಿದರೆ ಅಲ್ಲೊಂದು ಸಣ್ಣ ವಿದ್ಯುತ್ ಕಿಡಿ ಹುಟ್ಟಿ, ಮೆಮೊರಿಯ ಒಂದು ಬಿಟ್ 0 ಇದ್ದದ್ದು 1 ಆಗಬಹುದು. ಚಿಪ್ ಕೆಡುವುದಿಲ್ಲ, ಅದರಲ್ಲಿರುವ ಲೆಕ್ಕ ಮಾತ್ರ ತಪ್ಪುತ್ತದೆ. ಬೆಲ್ಜಿಯಂನ ಸ್ಕಾರ್‌ಬೇಕ್‌ನಲ್ಲಿ 2003ರ ಚುನಾವಣೆಯಲ್ಲಿ ಒಬ್ಬರಿಗೆ ಬರಬೇಕಾದ್ದಕ್ಕಿಂತ 4,096 ಮತ ಜಾಸ್ತಿ ಬಂದಿತ್ತು. ಹನ್ನೆರಡು 2ಗಳನ್ನು ಒಂದಕ್ಕೊಂದು ಗುಣಿಸಿದರೆ ಸರಿಯಾಗಿ 4,096, ಅಂದರೆ ಒಂದೇ ಒಂದು ಬಿಟ್ ಮಗುಚಿದ ಲೆಕ್ಕ. ಕಾಸ್ಮಿಕ್ ಕಿರಣದ್ದೇ ಕೆಲಸ ಎಂಬ ಅನುಮಾನ ಇಂದಿಗೂ ಇದೆ, ಕಳ್ಳ ಬೆರಳಚ್ಚು ಬಿಟ್ಟು ಹೋಗಿಲ್ಲವಾದ್ದರಿಂದ ಸಾಬೀತು ಮಾಡುವುದು ಕಷ್ಟ. ಹಾಗಾಗಿ ವಿಮಾನದ ವಿಷಯದಲ್ಲಿ ಕಾಂತಕ್ಷೇತ್ರವನ್ನು ದೂರುವುದು ತಪ್ಪು. ಇಂಥ ಬಿಟ್‌ಗಳು ಮಗುಚಿಯೇ ಮಗುಚುತ್ತವೆ ಎಂದು ಒಪ್ಪಿಕೊಂಡು, ಮಗುಚಿದ್ದನ್ನು ಹಿಡಿದು ಸರಿಪಡಿಸುವಂತೆ ಸಾಫ್ಟ್‌ವೇರ್ ಬರೆಯಬೇಕು. ಹಳೆಯ ಸಾಫ್ಟ್‌ವೇರ್ ಹಾಕಿದ್ದಕ್ಕೇ ವಿಮಾನಗಳು ಮತ್ತೆ ಹಾರಿದವು ಅಂದರೆ ತಪ್ಪು ಎಲ್ಲಿತ್ತು ಎಂದು ನೀವೇ ಊಹಿಸಿ.

ಹಾರುವ ಎತ್ತರದಲ್ಲಿ ಮಾತ್ರ ಜರಡಿಯ ಬೆಲೆ ಚೆನ್ನಾಗಿ ಗೊತ್ತಾಗುತ್ತದೆ. ಭೂಮಧ್ಯರೇಖೆಯ ಮೇಲೆ ಹಾರುವ ವಿಮಾನಕ್ಕಿಂತ ಧ್ರುವದ ಹತ್ತಿರ ಹಾರುವ ವಿಮಾನಕ್ಕೆ ಎರಡು-ಮೂರು ಪಟ್ಟು ಹೆಚ್ಚು ವಿಕಿರಣ ಸಿಗುತ್ತದೆ. 2021ರ ಜನವರಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಿಂದ ಬೆಂಗಳೂರಿಗೆ ಮೊದಲ ನೇರ ವಿಮಾನ, ಪೈಲಟ್‌ಗಳೆಲ್ಲ ಹೆಂಗಸರೇ ಇದ್ದದ್ದು, ಉತ್ತರ ಧ್ರುವದ ಮೇಲೆಯೇ ಹಾರಿ ಬಂದಿತ್ತಲ್ಲ, ಅಂಥ ದಾರಿ. ವರ್ಷಕ್ಕೊಮ್ಮೆ ಮಗನ ಮನೆಗೆ ಹೋಗಿ ಬರುವವರಿಗೆ ಇದು ಲೆಕ್ಕಕ್ಕಿಲ್ಲ, ಒಂದು ಪ್ರಯಾಣಕ್ಕೆ ನೆಲದ ಮೇಲೆ ಹತ್ತು-ಹದಿನೈದು ದಿನದಲ್ಲಿ ಸಿಗುವಷ್ಟು ವಿಕಿರಣ ಸಿಗಬಹುದು. ತಿಂಗಳಿಡೀ ಹಾರುವ ಸಿಬ್ಬಂದಿಗೆ ಲೆಕ್ಕ ಬೇಕು, ಯುರೋಪಿನಲ್ಲಿ ಆ ಲೆಕ್ಕ ಇಡುತ್ತಾರೆ ಕೂಡ.

ಇನ್ನು, ಈ ಜರಡಿಗೆ ಒಂದು ಕೆಟ್ಟ ಗುಣ ಇದೆ. ಹೊರಗಿನವರನ್ನು ಒಳಗೆ ಬಿಡುವುದಿಲ್ಲ ಸರಿ, ಆದರೆ ಒಳಗೆ ಸಿಕ್ಕಿಬಿದ್ದವರನ್ನು ಹೊರಗೂ ಬಿಡುವುದಿಲ್ಲ. ಕಣಗಳು ಕಾಂತರೇಖೆಯನ್ನು ಸುತ್ತುತ್ತಾ ಉತ್ತರದಿಂದ ದಕ್ಷಿಣಕ್ಕೆ, ದಕ್ಷಿಣದಿಂದ ಉತ್ತರಕ್ಕೆ ಪುಟಿಯುತ್ತಲೇ ಇರುತ್ತವೆ. 1958ರಲ್ಲಿ ಅಮೆರಿಕ ತನ್ನ ಮೊದಲ ಉಪಗ್ರಹ ಎಕ್ಸ್‌ಪ್ಲೋರರ್-1 ಹಾರಿಸಿದಾಗ, ಜೇಮ್ಸ್ ವ್ಯಾನ್ ಆಲನ್ ಅದರಲ್ಲಿಟ್ಟಿದ್ದ ಗೈಗರ್ ಕೌಂಟರ್ ಎತ್ತರಕ್ಕೆ ಹೋದಾಗ ಎಣಿಸುವುದನ್ನೇ ನಿಲ್ಲಿಸಿಬಿಟ್ಟಿತು. ಕಣಗಳೇ ಇಲ್ಲವೆಂದಲ್ಲ, ಎಣಿಸಲಾರದಷ್ಟು ಇದ್ದವು. ಭೂಮಿಯ ಸುತ್ತ ವಿಕಿರಣದ ಪಟ್ಟಿ ಇದೆ ಎಂದು ಗೊತ್ತಾದದ್ದು ಹೀಗೆ, ಹೊರಗಿನ ಎರಡನೆಯ ಪಟ್ಟಿ ಆಮೇಲೆ ಸಿಕ್ಕಿತು. ಆ ಉಪಗ್ರಹದ ಮಾದರಿಯನ್ನು ಮೂರು ಜನ ತಲೆಯ ಮೇಲೆ ಎತ್ತಿ ಹಿಡಿದ ಪ್ರಸಿದ್ಧ ಫೋಟೊ ಒಂದಿದೆ. ವ್ಯಾನ್ ಆಲನ್, ರಾಕೆಟ್ ಮಾಡಿದ ಫಾನ್ ಬ್ರೌನ್, ಮತ್ತೆ ಉಪಗ್ರಹ ಕಟ್ಟಿದ ಜೆಪಿಎಲ್ ಪ್ರಯೋಗಾಲಯದ ಮುಖ್ಯಸ್ಥ ವಿಲಿಯಂ ಪಿಕರಿಂಗ್. ಹದಿನೆಂಟು ವರ್ಷ ಮೊದಲು ಬೆಂಗಳೂರಿನಲ್ಲಿ ಬಲೂನ್ ಹಾರಿಸಿದ್ದ ತಂಡದ ಅದೇ ಪಿಕರಿಂಗ್.

ಕಾಂತದ ನಡುಮಧ್ಯ ಪೆಸಿಫಿಕ್ ಕಡೆಗೆ ಸರಿದಿದೆ ಅಂದೆನಲ್ಲ, ಅದರ ಪೆಟ್ಟು ಬಿದ್ದಿರುವುದು ಬ್ರೆಜಿಲ್ ಮತ್ತು ಅದರ ಪಕ್ಕದ ದಕ್ಷಿಣ ಅಟ್ಲಾಂಟಿಕ್ ಸಾಗರದ ಮೇಲೆ. ಅಲ್ಲಿ ಕ್ಷೇತ್ರ ಎಷ್ಟು ಸೊರಗಿದೆಯೆಂದರೆ ಒಳಗಿನ ವಿಕಿರಣದ ಪಟ್ಟಿ ಜೋತುಬಿದ್ದು ಸುಮಾರು 200 ಕಿ.ಮೀ. ಎತ್ತರಕ್ಕೇ ಇಳಿದಿದೆ. ಹಬಲ್ ದೂರದರ್ಶಕ ಅಲ್ಲಿ ಹಾದುಹೋಗುವಾಗ ವೀಕ್ಷಣೆ ನಿಲ್ಲಿಸುತ್ತದೆ, ಅದರ ಸಮಯದ ನೂರಕ್ಕೆ ಹದಿನೈದರಷ್ಟು ಪಾಲು ಹೀಗೇ ಹೋಗುತ್ತದೆ. 2015ರಲ್ಲಿ ಇಸ್ರೊ ಹಾರಿಸಿದ ಆಸ್ಟ್ರೊಸ್ಯಾಟ್ ಭೂಮಧ್ಯರೇಖೆಗೆ ಬರೀ 6 ಡಿಗ್ರಿ ಓರೆಯಲ್ಲಿ ಸುತ್ತುವುದೂ ಆ ಜಾಗದ ಅಂಚನ್ನಷ್ಟೇ ತಗುಲಿಕೊಂಡು ಹೋಗಲಿ ಅಂತ. ಅಷ್ಟಾದರೂ ಅದರಲ್ಲಿ ಕಣ ಎಣಿಸುವ ಒಂದು ಪುಟ್ಟ ಪೆಟ್ಟಿಗೆ ಕಾವಲಿಗಿದೆ. ಎಣಿಕೆ ಏರಿತೋ, ಉಳಿದ ಉಪಕರಣಗಳ ವೋಲ್ಟೇಜ್ ಇಳಿಸುತ್ತಾರೆ, ಮಳೆ ಬಂದಾಗ ಅಂಗಳದ ಹಪ್ಪಳ ಒಳಗೆ ತೆಗೆಯುವ ಹಾಗೆ. ಗುರುಗ್ರಹದಲ್ಲಿ ಈ ಬಲೆ ಇನ್ನೂ ಭಯಂಕರ. ಅದರ ಕಾಂತ ಭೂಮಿಯದ್ದಕ್ಕಿಂತ ಸುಮಾರು 20,000 ಪಟ್ಟು ದೊಡ್ಡದು. ಅಲ್ಲಿಗೆ ಹೋದ ಜೂನೊ ನೌಕೆ ತನ್ನ ಎಲೆಕ್ಟ್ರಾನಿಕ್ಸನ್ನು ಟೈಟಾನಿಯಂ ತಿಜೋರಿಯೊಳಗೆ ಇಟ್ಟುಕೊಂಡಿದೆ. ಅಲ್ಲಿನ ಅಪಾಯಕ್ಕೆ ಕಾರಣ ಕಾಂತಕ್ಷೇತ್ರವೇ.

ಮಂಗಳನ ಮಾತು ಬಂದೇ ಬರುತ್ತದೆ. ಅದರ ಕಾಂತಕ್ಷೇತ್ರ ಸುಮಾರು 400 ಕೋಟಿ ವರ್ಷ ಹಿಂದೆ ಆರಿಹೋಯಿತು, ಆಮೇಲೆ ಸೌರಮಾರುತ ಗಾಳಿಯನ್ನು ಕೆರೆದುಕೊಂಡು ಹೋಯಿತು ಎಂಬುದು ಎಲ್ಲರೂ ಹೇಳುವ ಕಥೆ. ನಮ್ಮ ಮಂಗಳಯಾನಕ್ಕಿಂತ ಎರಡು ದಿನ ಮೊದಲು, 2014ರ ಸೆಪ್ಟೆಂಬರಿನಲ್ಲಿ ಅಲ್ಲಿ ತಲುಪಿದ ಮೇವನ್ ನೌಕೆ ಸೆಕೆಂಡಿಗೆ ಸುಮಾರು 100 ಗ್ರಾಂ ಗಾಳಿ ಹೋಗುತ್ತಿರುವುದನ್ನು ಅಳೆದೂ ಇದೆ. ಆದರೆ ಶುಕ್ರನಿಗೂ ಸ್ವಂತ ಕಾಂತಕ್ಷೇತ್ರ ಇಲ್ಲ, ಸೂರ್ಯನಿಗೆ ನಮಗಿಂತ ಹತ್ತಿರ ಬೇರೆ, ಆದರೂ ಅಲ್ಲಿ ನೆಲದ ಮೇಲೆ ನಮ್ಮ ತೊಂಬತ್ತು ಪಟ್ಟು ಒತ್ತಡದ ಗಾಳಿ ಜಮಾಯಿಸಿದೆ. ಮಂಗಳ ಸಣ್ಣ ಗ್ರಹ, ಹಿಡಿತ ಕಡಿಮೆ. ಭೂಮಿಯ ಗಾಳಿಯೂ ಧ್ರುವಗಳ ರೇಖೆ ಹಿಡಿದು ಸೋರುತ್ತಲೇ ಇದೆ. ಕಾಂತಕ್ಷೇತ್ರ ಇದ್ದರೆ ಗಾಳಿ ಉಳಿಯುತ್ತದೆ, ಇಲ್ಲದಿದ್ದರೆ ಹೋಗುತ್ತದೆ ಎಂಬ ಸಲೀಸು ಸೂತ್ರವನ್ನು ನಾನಂತೂ ಈಗ ನಂಬುವುದಿಲ್ಲ.

ಇದೇ ಕಾರಣಕ್ಕೆ "ಭೂಮಿಯ ಧ್ರುವ ಮಗುಚಲಿದೆ, ಮನುಕುಲ ನಾಶ" ಎಂಬ ಕೆಂಪು ಅಕ್ಷರದ ಯೂಟ್ಯೂಬ್ ವಿಡಿಯೊಗಳನ್ನೂ ಸಮಾಧಾನವಾಗಿ ನೋಡಬಹುದು. ಕ್ಷೇತ್ರ ಕಳೆದ 200 ವರ್ಷಗಳಲ್ಲಿ ನೂರಕ್ಕೆ 9ರಷ್ಟು ಇಳಿದಿರುವುದು ನಿಜ. ಉತ್ತರ ಕಾಂತಧ್ರುವ ಕೆನಡಾ ಬಿಟ್ಟು ಸೈಬೀರಿಯಾ ಕಡೆಗೆ ನಡೆದಿರುವುದೂ ನಿಜ. ಕೊನೆಯ ಬಾರಿ ಧ್ರುವಗಳು ಪೂರ್ತಿ ಅದಲುಬದಲಾಗಿ ಸುಮಾರು 7.8 ಲಕ್ಷ ವರ್ಷವಾಯಿತು. ಆದರೆ 41,000 ವರ್ಷ ಹಿಂದೆ ಕ್ಷೇತ್ರ ಒಮ್ಮೆ ಹತ್ತನೇ ಒಂದು ಪಾಲಿನ ಆಸುಪಾಸಿಗೆ ಕುಸಿದು ಮತ್ತೆ ಚೇತರಿಸಿಕೊಂಡಿತು, ಫ್ರಾನ್ಸಿನ ಲಶಾಂಪ್ ಎಂಬ ಊರಿನ ಲಾವಾ ಕಲ್ಲಿನಲ್ಲಿ ಅದರ ಗುರುತು ಇದೆ. ನಮ್ಮ ಪೂರ್ವಜರು ಅದನ್ನು ದಾಟಿಯೇ ಬಂದವರು. ಅವರ ಹತ್ತಿರ ಉಪಗ್ರಹ ಇರಲಿಲ್ಲ, ಕರೆಂಟಿನ ಗ್ರಿಡ್ ಇರಲಿಲ್ಲ ಅನ್ನುವುದು ಬೇರೆ ಮಾತು. ಜರಡಿ ಸೊರಗಿದರೆ ನಮ್ಮ ಮೈಗಿಂತ ನಮ್ಮ ಯಂತ್ರಗಳಿಗೆ ಕಷ್ಟ.

ಯಂತ್ರಗಳ ಕಷ್ಟ ನೋಡಲು ಧ್ರುವ ಮಗುಚುವವರೆಗೆ ಕಾಯಬೇಕಿಲ್ಲ. ಸೂರ್ಯ ಆಗಾಗ ಕೋಟಿಗಟ್ಟಲೆ ಟನ್ ಬಿಸಿ ಕಣಗಳ ಮೋಡವನ್ನೇ ಉಗುಳುತ್ತಾನೆ, ಆ ಮೋಡ ತನ್ನದೇ ಕಾಂತಕ್ಷೇತ್ರವನ್ನು ಹೊತ್ತು ತರುತ್ತದೆ. ಅದರ ದಿಕ್ಕು ನಮ್ಮದರ ಹಾಗೆ ಉತ್ತರಕ್ಕಿದ್ದರೆ ಹೆಚ್ಚಿನ ಗಲಾಟೆ ಇಲ್ಲ. ದಕ್ಷಿಣಕ್ಕೆ ಮುಖ ಮಾಡಿದ್ದರೆ ಮಾತ್ರ ಎರಡೂ ಕ್ಷೇತ್ರಗಳ ರೇಖೆಗಳು ಕಡಿದು ಒಂದಕ್ಕೊಂದು ಕೂಡಿಕೊಂಡು ಬಾಗಿಲು ತೆರೆದಂತಾಗುತ್ತದೆ. 2022ರ ಫೆಬ್ರವರಿಯಲ್ಲಿ ಇಂಥ ಒಂದು ಸಾಧಾರಣ ಸೌರ ಬಿರುಗಾಳಿಗೇ ಮೇಲಿನ ಗಾಳಿ ಕಾದು ಉಬ್ಬಿ, ಆಗಷ್ಟೇ ಹಾರಿಸಿದ್ದ 49 ಸ್ಟಾರ್‌ಲಿಂಕ್ ಉಪಗ್ರಹಗಳಲ್ಲಿ 38 ಬಿದ್ದುಹೋದವು. 2024ರ ಮೇ 10-11ರ ರಾತ್ರಿಯದು ಎರಡು ದಶಕಗಳಲ್ಲೇ ದೊಡ್ಡದು. ಅಮೆರಿಕದ ರೈತರ ಜಿಪಿಎಸ್ ಟ್ರ್ಯಾಕ್ಟರ್‌ಗಳು ಬಿತ್ತನೆಯ ಹೊತ್ತಿನಲ್ಲೇ ಸಾಲು ತಪ್ಪಿದವು. ಬೆಂಗಳೂರಿನ ಖಭೌತ ಸಂಸ್ಥೆಯವರು ಲಡಾಖಿನ ಹಾನ್ಲೆಯಲ್ಲಿಟ್ಟಿರುವ ಕ್ಯಾಮೆರಾಗಳಲ್ಲಿ ಆಕಾಶ ಕೆಂಪಾಯಿತು. ಧ್ರುವದ ಬೆಳಕು ಲಡಾಖಿಗೆ ಬಂದಿತ್ತು! ಅಷ್ಟರಲ್ಲಿ ನಮ್ಮ ಆದಿತ್ಯ-ಎಲ್1 ನಾಲ್ಕು ತಿಂಗಳಿಂದ 15 ಲಕ್ಷ ಕಿ.ಮೀ. ದೂರದಲ್ಲಿ ಕಾವಲು ಕೂತಿತ್ತು. ಬರುವ ಮೋಡದ ಕಾಂತ ಉತ್ತರಕ್ಕಿದೆಯೋ ದಕ್ಷಿಣಕ್ಕಿದೆಯೋ ಎಂದು ಅಲ್ಲಿಂದ ಅಳೆಯಬಹುದು. ಅದರಿಂದ ಸಿಗುವ ಮುನ್ಸೂಚನೆ ಅರ್ಧ ಗಂಟೆಯಿಂದ ಒಂದು ಗಂಟೆ, ಬಸ್ ಸ್ಟ್ಯಾಂಡಿಗೆ ಹೋಗಿ ಬರುವಷ್ಟು ಹೊತ್ತು.

ಇಂಥ ಬಾಗಿಲು ತೆರೆದುಕೊಂಡದ್ದನ್ನು, ಜರಡಿ ಅತಿ ಗಟ್ಟಿಯಾಗಿರುವ ನಮ್ಮ ಕಡೆಯೇ ಒಮ್ಮೆ ಕಂಡಿದ್ದಾರೆ. ಊಟಿಯಲ್ಲಿ ಟಾಟಾ ಸಂಸ್ಥೆಯವರ ಗ್ರೇಪ್ಸ್-3 ಎಂಬ ಪ್ರಯೋಗ ಇದೆ, 560 ಚದರ ಮೀಟರ್ ಹರವಿನಲ್ಲಿ ಹಗಲೂ ರಾತ್ರಿ ಮ್ಯೂಆನ್ ಎಣಿಸುತ್ತದೆ. 2015ರ ಜೂನಿನಲ್ಲಿ ಸೂರ್ಯನ ಒಂದು ಮೋಡ ಭೂಮಿಗೆ ಅಪ್ಪಳಿಸಿ ಇಪ್ಪತ್ತು ನಿಮಿಷವಾಗಿತ್ತು, ಅಷ್ಟರಲ್ಲಿ ಊಟಿಯ ಎಣಿಕೆ ಏರಿತು. ಸುಮಾರು 20 ಬಿಲಿಯನ್ ಎಲೆಕ್ಟ್ರಾನ್ ವೋಲ್ಟಿನ ಕಾಸ್ಮಿಕ್ ಕಿರಣಗಳು ಸಾಮಾನ್ಯಕ್ಕಿಂತ ಜಾಸ್ತಿ ಬಂದವು, ಎರಡು ಗಂಟೆ. ಮೋಡದ ಕಾಂತ ನಮ್ಮದರ ಜೊತೆ ಕೂಡಿಕೊಂಡು ಹೊಸ್ತಿಲು ಒಂದಿಷ್ಟು ತಗ್ಗಿತ್ತು ಎಂದು ಮರುವರ್ಷ ಆ ತಂಡ ವಿವರಿಸಿತು. ಹೆಚ್ಚಳ ತೀರಾ ಸಣ್ಣದು, ಯಾರ ಮೈಗೂ ಯಾರ ಫೋನಿಗೂ ಏನೂ ಆಗಲಿಲ್ಲ, ಊಟಿಯ ಉಪಕರಣ ಇಲ್ಲದಿದ್ದರೆ ಇಲ್ಲಿ ಯಾರಿಗೂ ಗೊತ್ತೇ ಆಗುತ್ತಿರಲಿಲ್ಲ.

ಆ ವರದಿಯಲ್ಲಿ ಸಮಯ ಕೊಟ್ಟಿರುವುದು ಅಂತರರಾಷ್ಟ್ರೀಯ ಲೆಕ್ಕದಲ್ಲಿ, ಜೂನ್ 22ರ 19.00 ಗಂಟೆ. ಅದಕ್ಕೆ ಐದೂವರೆ ಗಂಟೆ ಕೂಡಿಸಿದರೆ ನಮ್ಮ ಸಮಯ ಬರುತ್ತದೆ. ಕೂಡಿಸಿ ನೋಡಿದೆ. ರಾತ್ರಿ 12.30.

ಚಿಕ್ಕಮ್ಮನಿಗೆ ಇನ್ನೂ ಹೇಳಿಲ್ಲ.